ರಾಜಧಾನಿ ಇರಬೇಕಾದ ಊರಲ್ಲೇ ಇದೆಯೇ?

ಕರ್ನಾಟಕದ ರಾಜಧಾನಿ ಯಾವುದು ಎಂದು ಕೇಳಿದರೆ ಮೂರನೇ ತರಗತಿಯ ಹುಡುಗನೂ ಥಟ್ಟನೆ ಉತ್ತರ ಹೇಳುತ್ತಾನೆ. ಬೆಂಗಳೂರೇ ಏಕೆ ಎಂದು ಮರುಪ್ರಶ್ನೆ ಹಾಕಿದರೆ ಹುಡುಗನಿರಲಿ, ಪಕ್ಕದಲ್ಲಿ ಕುಳಿತ ಅಪ್ಪನೂ ತಲೆ ಕೆರೆದುಕೊಳ್ಳುತ್ತಾನೆ. ರಾಜ್ಯಗಳ ಹೆಸರು ಒಂದು ಕಡೆ, ರಾಜಧಾನಿಗಳ ಹೆಸರು ಇನ್ನೊಂದು ಕಡೆ ಕೊಟ್ಟು 'ಹೊಂದಿಸಿ ಬರೆಯಿರಿ' ಎನ್ನುವ ಪ್ರಶ್ನೆ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಆ ಊರು ಆ ಪಟ್ಟಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ.

ಭೂಪಟವನ್ನು ಮೇಜಿನ ಮೇಲೆ ಹರಡಿ ನೋಡಿದರೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬೆಂಗಳೂರು ಇರುವುದು ರಾಜ್ಯದ ಆಗ್ನೇಯ ಮೂಲೆಯಲ್ಲಿ. ಅಲ್ಲಿಂದ ತಮಿಳುನಾಡಿನ ಹೊಸೂರಿಗೆ ಸುಮಾರು 40 ಕಿಲೋಮೀಟರ್. ನಮ್ಮದೇ ಬೀದರಿಗೆ ಸುಮಾರು 700 ಕಿಲೋಮೀಟರ್. ಬೀದರಿನವರಿಗೆ ತೆಲಂಗಾಣದ ರಾಜಧಾನಿ ಹೈದರಾಬಾದು 150 ಕಿಲೋಮೀಟರಿನೊಳಗೇ ಸಿಗುತ್ತದೆ. ತಮಿಳುನಾಡಿನ ಕಥೆಯೂ ಬೇರೆಯಲ್ಲ. ಚೆನ್ನೈ ಆ ರಾಜ್ಯದ ಈಶಾನ್ಯ ತುದಿಯಲ್ಲಿದೆ, ಕನ್ಯಾಕುಮಾರಿ ಇನ್ನೊಂದು ತುದಿಯಲ್ಲಿ. ಕೇರಳದ ತಿರುವನಂತಪುರ ದಕ್ಷಿಣದ ಕೊನೆಯಲ್ಲಿದ್ದು, ಕಾಸರಗೋಡಿನವರು ಅಲ್ಲಿಗೆ ಹೋಗಲು 550 ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕು. ಮಹಾರಾಷ್ಟ್ರದ ಮುಂಬಯಿ ಸಮುದ್ರದ ದಂಡೆಯಲ್ಲಿದೆ. ನಾಗಪುರದಿಂದ ಅಲ್ಲಿಗೆ ರೈಲಿನಲ್ಲಿ 800 ಕಿಲೋಮೀಟರಿಗೂ ಹೆಚ್ಚು.

ಹಾಗಾದರೆ ಈ ರಾಜಧಾನಿಗಳೆಲ್ಲ ತಪ್ಪು ಊರುಗಳಲ್ಲಿವೆಯೇ? ಇದು ಕೇವಲ ಭೂಗೋಳದ ಕುತೂಹಲವಲ್ಲ. ನೌಕರಿಯ ಸಂದರ್ಶನಕ್ಕೆ, ನಿಂತುಹೋದ ಪಿಂಚಣಿಯ ಕಡತಕ್ಕೆ, ವರ್ಗಾವಣೆಯ ಅರ್ಜಿಗೆ, ಕೋರ್ಟಿನ ಮೇಲ್ಮನವಿಗೆ ಜನ ರಾಜಧಾನಿಗೆ ಹೋಗಲೇಬೇಕಾಗುತ್ತದೆ. ಕೋಲಾರದವನು ಬೆಳಗಿನ ಬಸ್ಸು ಹತ್ತಿ ಸಂಜೆಗೆ ಮನೆ ಸೇರುತ್ತಾನೆ. ಬೀದರಿನವನು ಒಂದು ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕಳೆದು, ಬೆಳಗ್ಗೆ ಬಂದಿಳಿದು, ಕಚೇರಿಯ ಬಾಗಿಲು ತೆರೆಯುವವರೆಗೆ ಕಾಯಬೇಕು. 'ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ' ಎಂಬ ಒಂದು ಮಾತು ಇಬ್ಬರ ಕಿವಿಗೂ ಬೀಳುತ್ತದೆ. ಆದರೆ ಅದರ ಬೆಲೆ ಇಬ್ಬರಿಗೂ ಒಂದೇ ಅಲ್ಲ.

ಅರಸನಿದ್ದಲ್ಲಿ ರಾಜಧಾನಿ

ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಅರಸ ಎಲ್ಲಿ ಕೋಟೆ ಕಟ್ಟಿಕೊಂಡನೋ ಅದೇ ರಾಜಧಾನಿ. ಕನ್ನಡ ನಾಡಿನಲ್ಲಿ ಕದಂಬರಿಗೆ ಬನವಾಸಿ, ಚಾಲುಕ್ಯರಿಗೆ ಬಾದಾಮಿ, ರಾಷ್ಟ್ರಕೂಟರಿಗೆ ಮಾನ್ಯಖೇಟ, ಕಲ್ಯಾಣದ ಚಾಲುಕ್ಯರಿಗೆ ಇಂದಿನ ಬಸವಕಲ್ಯಾಣ, ಹೊಯ್ಸಳರಿಗೆ ದೋರಸಮುದ್ರ, ವಿಜಯನಗರದ ಅರಸರಿಗೆ ಹಂಪಿ, ಬಹಮನಿ ಸುಲ್ತಾನರಿಗೆ ಮೊದಲು ಕಲಬುರಗಿ ಆಮೇಲೆ ಬೀದರ್, ಆದಿಲ್‌ಶಾಹಿಗಳಿಗೆ ವಿಜಯಪುರ ರಾಜಧಾನಿಗಳಾಗಿದ್ದವು. ಈ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಂದು ನಾವು 'ದೂರದ ಜಿಲ್ಲೆಗಳು' ಎಂದು ಕರೆಯುವ ಕಲಬುರಗಿ, ಬೀದರ್ ಒಂದು ಕಾಲಕ್ಕೆ ಅಧಿಕಾರದ ಕೇಂದ್ರಗಳೇ ಆಗಿದ್ದವು. ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ದೂರ ಎನ್ನುವುದು ನೆಲದ ಗುಣವಲ್ಲ. ಅಧಿಕಾರ ಎಲ್ಲಿ ಕುಳಿತಿದೆ ಎಂಬುದರ ಮೇಲೆ ಹತ್ತಿರ, ದೂರಗಳು ಹುಟ್ಟಿಕೊಳ್ಳುತ್ತವೆ.

ಅರಸರು ಮನಸ್ಸು ಬಂದಂತೆ ರಾಜಧಾನಿ ಬದಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ತುಘಲಕನದು. 1327ರ ಹೊತ್ತಿಗೆ ಆತ ದೆಹಲಿಯಿಂದ ದೇವಗಿರಿಗೆ ರಾಜಧಾನಿಯನ್ನು ಸಾಗಿಸಿ, ಅದಕ್ಕೆ ದೌಲತಾಬಾದ್ ಎಂದು ಹೆಸರಿಟ್ಟ. ಕೆಲವೇ ವರ್ಷಗಳಲ್ಲಿ ಮತ್ತೆ ದೆಹಲಿಗೇ ಮರಳಬೇಕಾಯಿತು. ಗಿರೀಶ ಕಾರ್ನಾಡರ ನಾಟಕದ ಮೂಲಕ ಈ ಕಥೆ ಕನ್ನಡಿಗರಿಗೆ ಇನ್ನಷ್ಟು ಪರಿಚಿತ. ಗಮನಿಸಬೇಕಾದ ಅಂಶವೆಂದರೆ, ದೊಡ್ಡ ರಾಜ್ಯಕ್ಕೆ ನಡುವೆ ರಾಜಧಾನಿ ಇರಲಿ ಎಂಬ ತುಘಲಕನ ಯೋಚನೆಯಲ್ಲಿ ತರ್ಕವಿತ್ತು. ಭೂಪಟದ ಮೇಲೆ ದೇವಗಿರಿ ಸರಿಯಾದ ಜಾಗವೇ ಆಗಿತ್ತು. ಆದರೆ ಊರು ಎಂದರೆ ಭೂಪಟದ ಚುಕ್ಕೆಯಲ್ಲ, ಅಲ್ಲಿ ಬದುಕು ಕಟ್ಟಿಕೊಂಡ ಜನ ಎಂಬುದನ್ನು ಆತ ಮರೆತ.

ಕಟ್ಟಡ ಮೊದಲು, ರಾಜ್ಯ ಆಮೇಲೆ

ಬೆಂಗಳೂರು ರಾಜಧಾನಿಯಾದ ಕಥೆಯಲ್ಲಿ ಯಾರೂ ಕುಳಿತು ಲೆಕ್ಕ ಹಾಕಿ ಊರನ್ನು ಆರಿಸಿದ ಸಂದರ್ಭ ಕಾಣುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ರಾಜಧಾನಿ ಮೈಸೂರಾಯಿತು. ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡು ಕಮಿಷನರರ ಆಳ್ವಿಕೆ ತಂದಾಗ, ತಮ್ಮ ಸೈನ್ಯ ಇದ್ದ, ತಮಗೆ ಹವೆ ಒಗ್ಗಿದ ಬೆಂಗಳೂರಿಗೇ ಕಚೇರಿಗಳನ್ನು ಒಯ್ದರು. 1860ರ ದಶಕದಲ್ಲಿ ಅಠಾರಾ ಕಚೇರಿ ಕಟ್ಟಡ ಎದ್ದಿತು. 1864ರಲ್ಲಿ ರೈಲು ಬಂತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ಮಹಾರಾಜರು ಮೈಸೂರಿನಲ್ಲಿ ಉಳಿದರು, ಕಡತಗಳು ಬೆಂಗಳೂರಿನಲ್ಲೇ ಉಳಿದವು. ಅರಮನೆ ಒಂದೂರಿನಲ್ಲಿ, ಕಚೇರಿ ಇನ್ನೊಂದೂರಿನಲ್ಲಿ!

ಸ್ವಾತಂತ್ರ್ಯಾನಂತರ 1951ರಲ್ಲಿ ವಿಧಾನಸೌಧದ ಶಂಕುಸ್ಥಾಪನೆಯನ್ನು ಪ್ರಧಾನಿ ನೆಹರೂ ನೆರವೇರಿಸಿದರು. ಆಗ ಇದ್ದದ್ದು ಒಂಬತ್ತು ಜಿಲ್ಲೆಗಳ ಹಳೆಯ ಮೈಸೂರು ರಾಜ್ಯ. ಕೆಂಗಲ್ ಹನುಮಂತಯ್ಯನವರ ಕನಸಿನಂತೆ ಆ ಭವ್ಯ ಕಟ್ಟಡ 1956ರಲ್ಲಿ ಮುಗಿಯಿತು. ಅದೇ ವರ್ಷ ನವೆಂಬರ್ 1ರಂದು ಕರ್ನಾಟಕ ಏಕೀಕರಣವಾಯಿತು. ಮುಂಬಯಿ ಪ್ರಾಂತದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದ್ ರಾಜ್ಯದ ಕಲಬುರಗಿ, ರಾಯಚೂರು, ಬೀದರ್. ಮದರಾಸಿನ ದಕ್ಷಿಣ ಕನ್ನಡ. ಜೊತೆಗೆ ಕೊಡಗು, ಎಲ್ಲವೂ ಬಂದು ಸೇರಿದವು. ರಾಜ್ಯ ಉತ್ತರಕ್ಕೂ ಪಶ್ಚಿಮಕ್ಕೂ ಬೆಳೆಯಿತು. ರಾಜಧಾನಿ ಮಾತ್ರ ಇದ್ದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ತಕ್ಕಮಟ್ಟಿಗೆ ಎಲ್ಲರಿಗೂ ನಿಲುಕುವಂತಿದ್ದ ಬೆಂಗಳೂರು, ಕರ್ನಾಟಕಕ್ಕೆ ಒಂದು ಮೂಲೆಯಾಯಿತು.

ಆದರೂ ಬೆಂಗಳೂರಿಗೆ ಎದುರಾಗಿ ನಿಲ್ಲಬಲ್ಲ ಊರು ಆಗ ಯಾವುದಿತ್ತು? ಭೂಪಟದಲ್ಲಿ ದಾವಣಗೆರೆ ನಡುವೆ ಬರುತ್ತದೆ, ಹುಬ್ಬಳ್ಳಿ–ಧಾರವಾಡ ಉತ್ತರದವರಿಗೆ ಹತ್ತಿರ. ಆದರೆ ಸಿದ್ಧವಾಗಿ ನಿಂತ ಶಾಸನಸಭೆಯ ಕಟ್ಟಡ, ಸಚಿವಾಲಯ, ಹೈಕೋರ್ಟು, ವಿಮಾನ ಕಾರ್ಖಾನೆ, ವಿಜ್ಞಾನ ಮಂದಿರ, ಇವೆಲ್ಲ ಇದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಹೊಸದಾಗಿ ಹುಟ್ಟಿದ ರಾಜ್ಯವೊಂದು ಇದ್ದ ಮನೆಯನ್ನು ಬಿಟ್ಟು ಬಯಲಿಗೆ ಇಳಿಯುವುದು ಸುಲಭದ ಮಾತಾಗಿರಲಿಲ್ಲ.

1951ರ ಜನಗಣತಿಯಲ್ಲಿ ಎಂಟು ಲಕ್ಷದೊಳಗಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಹೊತ್ತಿಗೆ 84 ಲಕ್ಷ ದಾಟಿತ್ತು. ನಗರದ ಪಕ್ಕದಲ್ಲಿ ದೊಡ್ಡ ನದಿಯೊಂದೂ ಇಲ್ಲ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತರಬೇಕು. ಕಚೇರಿ, ಕಾಲೇಜು, ಕಾರ್ಖಾನೆ, ಕಂಪ್ಯೂಟರ್ ಉದ್ಯಮ ಎಲ್ಲವೂ ಒಂದೇ ಊರಿನಲ್ಲಿ ಒತ್ತಾದಾಗ ದೂರದವರಿಗೆ ಪ್ರಯಾಣದ ಕಷ್ಟ, ಊರೊಳಗಿನವರಿಗೆ ನೀರು, ರಸ್ತೆ, ಮನೆಬಾಡಿಗೆಗಳ ಕಷ್ಟ. ಎರಡೂ ಒಂದೇ ನಾಣ್ಯದ ಎರಡು ಮುಖಗಳು.

ಬಯಲಲ್ಲಿ ಎದ್ದ ಊರುಗಳು

ಎಲ್ಲ ರಾಜ್ಯಗಳೂ ಇದ್ದ ಊರನ್ನೇ ಇಟ್ಟುಕೊಳ್ಳಲಿಲ್ಲ. ಸ್ವತಂತ್ರ ಭಾರತದಲ್ಲಿ ಹೊಸ ರಾಜಧಾನಿ ಕಟ್ಟಿದ ಮೊದಲ ಪ್ರಯತ್ನಗಳಲ್ಲಿ ಒಡಿಶಾದ ಭುವನೇಶ್ವರ ಒಂದು. ಹಳೆಯ ರಾಜಧಾನಿ ಕಟಕ್, ಮಹಾನದಿ ಮತ್ತು ಕಾಠಜೋಡಿ ನದಿಗಳ ನಡುವೆ ಸಿಕ್ಕಿಕೊಂಡ ಊರು, ಬೆಳೆಯಲು ಜಾಗವಿರಲಿಲ್ಲ. 1948ರಲ್ಲಿ ಭುವನೇಶ್ವರಕ್ಕೆ ನೆಹರೂ ಅಡಿಗಲ್ಲು ಹಾಕಿದರು. ಆ ನಗರದ ನಕ್ಷೆ ಹಾಕಿದ ಜರ್ಮನ್ ಮೂಲದ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿ ಕೆಲಸ ಮಾಡಿದವರು ಎಂಬುದು ಕನ್ನಡಿಗರಿಗೆ ಆಸಕ್ತಿಯ ವಿಷಯ. ಹೊಸ ರಾಜಧಾನಿ ಬಂದರೂ ಒಡಿಶಾದ ಹೈಕೋರ್ಟು ಇಂದಿಗೂ ಕಟಕ್‌ನಲ್ಲೇ ಇದೆ. ಹಳೆಯ ಊರಿನವರಿಗೆ 'ನಮ್ಮನ್ನು ಕೈಬಿಟ್ಟರು' ಅನ್ನಿಸದಂತೆ ಅದೊಂದು ನೆಲೆ ಉಳಿಯಿತು.

ಪಂಜಾಬಿನ ಕಥೆ ನೋವಿನದು. ದೇಶ ವಿಭಜನೆಯಾದಾಗ ಅದರ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಕೆಲ ಕಾಲ ಶಿಮ್ಲಾದಿಂದ ಆಡಳಿತ ನಡೆಸಿದ ಮೇಲೆ ಬಯಲು ನೆಲದಲ್ಲಿ ಚಂಡೀಗಢ ಎದ್ದಿತು. ಫ್ರಾನ್ಸಿನ ಲ ಕಾರ್ಬೂಸಿಯೆ ಐದು ಲಕ್ಷ ಜನರಿಗೆಂದು ನಕ್ಷೆ ಹಾಕಿದ ಆ ನಗರದಲ್ಲಿ 2011ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. ಊರು ಚೆನ್ನಾಗಿ ಬಂತು. ಆದರೆ 1966ರಲ್ಲಿ ಪಂಜಾಬು ಒಡೆದು ಹರಿಯಾಣ ಬೇರೆಯಾದಾಗ ಅದು ಯಾರದು ಎಂಬ ಜಗಳ ಎದ್ದಿತು. ತಾತ್ಕಾಲಿಕವೆಂದು ಅದನ್ನು ಕೇಂದ್ರಾಡಳಿತ ಪ್ರದೇಶವನ್ನಾಗಿ ಮಾಡಿ, ಎರಡೂ ರಾಜ್ಯಗಳಿಗೆ ರಾಜಧಾನಿಯೆಂದು ಒಪ್ಪಿಸಲಾಯಿತು. 1985ರ ರಾಜೀವ್–ಲೋಂಗೋವಾಲ್ ಒಪ್ಪಂದದಲ್ಲಿ 1986ರ ಜನವರಿ 26ಕ್ಕೆ ಚಂಡೀಗಢವನ್ನು ಪಂಜಾಬಿಗೆ ಕೊಡುವುದೆಂದು ಬರೆಯಲಾಯಿತು. ಆ ದಿನ ಬಂತು, ಹೋಯಿತು. ಚಂಡೀಗಢ ಇಂದಿಗೂ ಇಬ್ಬರ ನಡುವೆಯೇ ಇದೆ.

1960ರಲ್ಲಿ ಹುಟ್ಟಿದ ಗುಜರಾತ್ ಇನ್ನೊಂದು ದಾರಿ ಹಿಡಿಯಿತು. ಅಹಮದಾಬಾದಿನಿಂದ ಸುಮಾರು 25 ಕಿಲೋಮೀಟರ್ ಆಚೆ ಗಾಂಧಿನಗರವನ್ನು ಕಟ್ಟಿ, 1970ರಲ್ಲಿ ಆಡಳಿತವನ್ನು ಅಲ್ಲಿಗೆ ಸಾಗಿಸಿತು. ವ್ಯಾಪಾರ ಒಂದು ಊರಿನಲ್ಲಿ, ಆಡಳಿತ ಪಕ್ಕದೂರಿನಲ್ಲಿ. ಅಮೆರಿಕದಲ್ಲಿ ಇದು ಸಾಮಾನ್ಯ. ನ್ಯೂಯಾರ್ಕ್ ರಾಜ್ಯದ ರಾಜಧಾನಿ ನ್ಯೂಯಾರ್ಕ್ ನಗರವಲ್ಲ, ಆಲ್ಬನಿ. ಕ್ಯಾಲಿಫೋರ್ನಿಯಾದ್ದು ಲಾಸ್ ಏಂಜಲೀಸ್ ಅಲ್ಲ, ಸ್ಯಾಕ್ರಮೆಂಟೊ. ದೊಡ್ಡ ಊರೇ ರಾಜಧಾನಿಯಾಗಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ.

ಹತ್ತು ವರ್ಷ, ಮೂರು ಉತ್ತರ

ಇಂದಿನ ಕಾಲದಲ್ಲಿ ಹೊಸ ರಾಜಧಾನಿ ಹುಡುಕುವುದು ಎಷ್ಟು ಕಷ್ಟ ಎಂಬುದನ್ನು ತಿಳಿಯಲು ಪಕ್ಕದ ಆಂಧ್ರಪ್ರದೇಶವನ್ನು ನೋಡಿದರೆ ಸಾಕು. ಆ ನಾಡಿಗೆ ರಾಜಧಾನಿಯ ಸಂಕಟ ಹೊಸದಲ್ಲ. ಆಂಧ್ರ ರಾಜ್ಯ ಹುಟ್ಟುವ ಮೊದಲೇ, 1937ರಲ್ಲಿ, ಕರಾವಳಿಯ ಮತ್ತು ರಾಯಲಸೀಮೆಯ ಮುಖಂಡರು ಮದರಾಸಿನಲ್ಲಿ 'ಶ್ರೀಬಾಗ್ ಒಪ್ಪಂದ' ಮಾಡಿಕೊಂಡಿದ್ದರು. ರಾಜಧಾನಿ ಒಂದು ಭಾಗಕ್ಕೆ ಬಂದರೆ ಹೈಕೋರ್ಟು ಇನ್ನೊಂದು ಭಾಗಕ್ಕೆ ಎಂಬುದು ಅದರ ತಿರುಳು. 1953ರಲ್ಲಿ ಮದರಾಸಿನಿಂದ ಬೇರೆಯಾದಾಗ ಅದರಂತೆಯೇ ಕರ್ನೂಲು ರಾಜಧಾನಿಯಾಯಿತು, ಗುಂಟೂರಿಗೆ ಹೈಕೋರ್ಟು ಹೋಯಿತು. ಸಾಕಷ್ಟು ಕಟ್ಟಡಗಳಿಲ್ಲದೆ ಕರ್ನೂಲಿನಲ್ಲಿ ಡೇರೆಗಳಲ್ಲೂ ಕಚೇರಿ ನಡೆಸಬೇಕಾಯಿತು. 1956ರಲ್ಲಿ ತೆಲಂಗಾಣ ಸೇರಿದಾಗ ಸಿದ್ಧ ನಗರವಾದ ಹೈದರಾಬಾದು ರಾಜಧಾನಿಯಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಂಧ್ರದವರು ತಮ್ಮ ದುಡಿಮೆ, ಬಂಡವಾಳಗಳನ್ನೆಲ್ಲ ಅಲ್ಲಿಯೇ ಸುರಿದರು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಆ ನಗರ ತೆಲಂಗಾಣದ ಪಾಲಾಯಿತು. ಹತ್ತು ವರ್ಷ ಮಾತ್ರ ಅದು ಎರಡೂ ರಾಜ್ಯಗಳ ರಾಜಧಾನಿ ಎಂದು ಕಾನೂನು ಹೇಳಿತು.

ಹೊಸ ರಾಜಧಾನಿ ಎಲ್ಲಿರಬೇಕು ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ ಶಿವರಾಮಕೃಷ್ಣನ್ ಸಮಿತಿ, ಎಲ್ಲವನ್ನೂ ಒಂದೇ ಮಹಾನಗರದಲ್ಲಿ ತುಂಬಬೇಡಿ, ಕಚೇರಿಗಳನ್ನು ರಾಜ್ಯದ ಬೇರೆ ಬೇರೆ ಕಡೆ ಹಂಚಿ ಎಂದಿತು. ವಿಜಯವಾಡ–ಗುಂಟೂರು ನಡುವಿನ ಫಲವತ್ತಾದ ಭೂಮಿಯ ಬಗೆಗೂ ಎಚ್ಚರಿಸಿತು. ಅಂದಿನ ರಾಜ್ಯ ಸರ್ಕಾರ ಮಾತ್ರ ಅದೇ ಪ್ರದೇಶದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, ಅಮರಾವತಿಯನ್ನು ಕಟ್ಟಲು ನಿರ್ಧರಿಸಿತು. ರೈತರು 33 ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಒಪ್ಪಿಸಿದರು. ಅದಕ್ಕೆ ಪ್ರತಿಯಾಗಿ, ನಗರ ಎದ್ದ ಮೇಲೆ ಅಭಿವೃದ್ಧಿಪಡಿಸಿದ ನಿವೇಶನ ಮತ್ತು ಕೆಲ ವರ್ಷಗಳವರೆಗೆ ವಾರ್ಷಿಕ ಹಣ ಎಂಬುದು ಒಪ್ಪಂದ. 2015ರ ಅಕ್ಟೋಬರಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು.

2019ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ದಕ್ಷಿಣ ಆಫ್ರಿಕದ ಉದಾಹರಣೆ ತೋರಿಸಿ, ಮೂರು ರಾಜಧಾನಿಗಳ ಯೋಜನೆ ಮುಂದಿಟ್ಟಿತು. ಸಚಿವಾಲಯ ವಿಶಾಖಪಟ್ಟಣದಲ್ಲಿ, ಶಾಸನಸಭೆ ಅಮರಾವತಿಯಲ್ಲಿ, ಹೈಕೋರ್ಟು ಕರ್ನೂಲಿನಲ್ಲಿ. 2020ರಲ್ಲಿ ಕಾನೂನೂ ಆಯಿತು. ಭೂಮಿ ಕೊಟ್ಟ ರೈತರು ಬೀದಿಗಿಳಿದರು. 2021ರ ನವೆಂಬರಿನಲ್ಲಿ ಆ ಕಾನೂನನ್ನು ಹಿಂತೆಗೆದುಕೊಳ್ಳಲಾಯಿತು. 2022ರ ಮಾರ್ಚಿನಲ್ಲಿ ಹೈಕೋರ್ಟು ಅಮರಾವತಿಯನ್ನೇ ಅಭಿವೃದ್ಧಿಪಡಿಸಬೇಕೆಂದು ತೀರ್ಪಿತ್ತಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ಅಮರಾವತಿಗೆ ಮತ್ತೆ ಜೀವ ಬಂತು. 2025ರ ಮೇ ತಿಂಗಳಿನಲ್ಲಿ ಪ್ರಧಾನಿ ಎರಡನೆಯ ಬಾರಿ ಕಾಮಗಾರಿಗೆ ಚಾಲನೆ ಕೊಟ್ಟರು.

2014ರಲ್ಲಿ ಒಂದನೇ ತರಗತಿಗೆ ಸೇರಿದ ಆಂಧ್ರದ ಮಗುವೊಂದನ್ನು ಊಹಿಸಿಕೊಳ್ಳಿ. 'ನಮ್ಮ ರಾಜಧಾನಿ ಯಾವುದು?' ಎಂಬ ಪ್ರಶ್ನೆಗೆ ಆ ಮಗು ಮೊದಲು ಹೈದರಾಬಾದು ಎಂದು ಕಲಿತಿರುತ್ತದೆ, ಆಮೇಲೆ ಅಮರಾವತಿ ಎಂದು, ಆಮೇಲೆ ಮೂರು ಊರುಗಳ ಹೆಸರು ಒಟ್ಟಿಗೆ. ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಉತ್ತರ ಮತ್ತೆ ಅಮರಾವತಿಗೇ ಬಂದು ನಿಂತಿದೆ. ಮಗುವಿಗೆ ಇದು ಒಂದು ಅಂಕದ ಪ್ರಶ್ನೆ. ಮೂರು ಬೆಳೆ ತೆಗೆಯುವ ಹೊಲವನ್ನು ಕೊಟ್ಟು ನಿವೇಶನಕ್ಕಾಗಿ ವರ್ಷಗಟ್ಟಲೆ ಕಾದ ರೈತನಿಗೆ ಅದು ಇಡೀ ಬದುಕಿನ ಪ್ರಶ್ನೆ.

ವರ್ಷದಲ್ಲಿ ಕೆಲವು ದಿನದ ಅಧಿಕಾರ

ಊರು ಬದಲಾಯಿಸುವುದು ಬೇಡ, ಇದ್ದುದನ್ನೇ ಹಂಚಿಕೊಳ್ಳೋಣ ಎಂಬುದು ಇನ್ನೊಂದು ದಾರಿ. ಜಮ್ಮು–ಕಾಶ್ಮೀರದಲ್ಲಿ 1872ರಿಂದ ಆರು ತಿಂಗಳು ಶ್ರೀನಗರ, ಆರು ತಿಂಗಳು ಜಮ್ಮು ಎಂದು ಇಡೀ ದರ್ಬಾರೇ ಗಂಟುಮೂಟೆ ಕಟ್ಟಿಕೊಂಡು ಓಡಾಡುತ್ತಿತ್ತು. ಲಾರಿಗಟ್ಟಲೆ ಕಡತಗಳನ್ನು ಸಾಗಿಸುವ ಖರ್ಚು ದಂಡವೆಂದು 2021ರಲ್ಲಿ ಅದನ್ನು ನಿಲ್ಲಿಸಲಾಯಿತು. ಜಮ್ಮುವಿನ ವ್ಯಾಪಾರಿಗಳು ಅದರಿಂದ ನಷ್ಟವಾಯಿತೆಂದು ದೂರಿದರು; 2025ರಲ್ಲಿ ಅದು ಮತ್ತೆ ಆರಂಭವಾಯಿತು. ಉತ್ತರಾಖಂಡದಲ್ಲಿ ಬೆಟ್ಟದ ಜನ ರಾಜ್ಯದ ನಡುವಿನ ಗೈರ್‌ಸೈಣ್ ರಾಜಧಾನಿಯಾಗಲಿ ಎಂದು ಕೇಳುತ್ತ ಬಂದರು. 2020ರಲ್ಲಿ ಅದನ್ನು ಬೇಸಿಗೆ ರಾಜಧಾನಿ ಎಂದು ಘೋಷಿಸಲಾಯಿತು. ಆಡಳಿತದ ಬಹುಪಾಲು ತಪ್ಪಲಿನ ಡೆಹ್ರಾಡೂನಿನಲ್ಲೇ ನಡೆಯುತ್ತದೆ.

ಮಹಾರಾಷ್ಟ್ರದ ನಾಗಪುರ ಒಂದು ಕಾಲಕ್ಕೆ ಮಧ್ಯಪ್ರಾಂತದ ರಾಜಧಾನಿಯಾಗಿದ್ದ ಊರು. ವಿದರ್ಭವನ್ನು ಮರಾಠಿ ರಾಜ್ಯಕ್ಕೆ ಸೇರಿಸಿಕೊಳ್ಳುವಾಗ ಅಲ್ಲಿನವರ ಮನಸ್ಸು ಒಲಿಸಲು 1953ರಲ್ಲಿ 'ನಾಗಪುರ ಒಪ್ಪಂದ' ಆಯಿತು. ಅದರ ಫಲವಾಗಿ ಶಾಸನಸಭೆಯ ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ.

ಕರ್ನಾಟಕವೂ ಇದೇ ದಾರಿ ಹಿಡಿಯಿತು. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಬೆಳಗಾವಿ ತನ್ನದೆಂದು ವಾದಿಸುವ ಮಹಾರಾಷ್ಟ್ರಕ್ಕೆ ಅದು ಕಲ್ಲಿನಲ್ಲಿ ಕೊಟ್ಟ ಉತ್ತರವೂ ಹೌದು. ಅಧಿವೇಶನದ ದಿನಗಳಲ್ಲಿ ಆ ಊರಿನ ಕಳೆಯೇ ಬೇರೆ. ಸಚಿವರ ಕಾರುಗಳ ಸಾಲು, ಹೋಟೆಲುಗಳಲ್ಲಿ ಜಾಗವಿಲ್ಲ, ಸೌಧದ ಹತ್ತಿರ ಬೇಡಿಕೆ ಹೊತ್ತು ಬಂದ ಸಂಘಟನೆಗಳ ಡೇರೆಗಳು. ಎರಡು ವಾರ ಕಳೆದರೆ ಎಲ್ಲರೂ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಕಡತಕ್ಕೆ ಸಹಿ ಹಾಕುವ ಕೈ ಅಲ್ಲಿ ವರ್ಷವಿಡೀ ಇರದಿದ್ದರೆ ಸೌಧ ಎಷ್ಟು ದೊಡ್ಡದಿದ್ದರೇನು? ರಾಜ್ಯಮಟ್ಟದ ಕೆಲವು ಕಚೇರಿಗಳನ್ನಾದರೂ ಪೂರ್ತಿಯಾಗಿ ಅಲ್ಲಿಗೆ ಸಾಗಿಸಿ ಎಂಬ ಉತ್ತರ ಕರ್ನಾಟಕದ ಬೇಡಿಕೆಯ ಹಿಂದೆ ಇರುವ ಪ್ರಶ್ನೆ ಇದೇ.

ಹತ್ತಿರವಿದ್ದವರೆಲ್ಲ ಗೆದ್ದರೇ?

ಇಲ್ಲಿ ಇನ್ನೊಂದು ಸಂಗತಿಯನ್ನೂ ತೂಗಿ ನೋಡಬೇಕು. ರಾಜಧಾನಿ ಹತ್ತಿರವಿದ್ದರೆ ಅಭಿವೃದ್ಧಿ ತಾನಾಗಿ ಬರುತ್ತದೆ ಎಂಬ ನಂಬಿಕೆ ಎಷ್ಟು ಸರಿ? ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದೂ ಅದು ಗುರುತಿಸಿತು. ಈ 39ರಲ್ಲಿ 26 ಉತ್ತರ ಕರ್ನಾಟಕದವು; ಅದರಲ್ಲೂ ಕಲಬುರಗಿ ವಿಭಾಗದ್ದೇ ದೊಡ್ಡ ಪಾಲು. ದೂರದ ಜಿಲ್ಲೆಗಳ ದೂರು ಸುಳ್ಳಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಉಳಿದ 13 ತಾಲ್ಲೂಕುಗಳು ದಕ್ಷಿಣದವು. ಅವುಗಳಲ್ಲಿ ಹೆಚ್ಚಿನವು ಬೆಂಗಳೂರು ವಿಭಾಗಕ್ಕೇ ಸೇರಿದ್ದವು! ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ. ರಾಜಧಾನಿಯನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಸಾಗಿಸಿದ್ದರೆ ಆ ಊರು ಬೆಳೆಯುತ್ತಿತ್ತು, ನಿಜ. ಅದರ ಸುತ್ತಲಿನ ಹಳ್ಳಿಗಳೂ ಬೆಳೆಯುತ್ತಿದ್ದವು ಎಂದು ಹೇಳುವಂತಿಲ್ಲ. ಬೀದರಿನವನಿಗೆ ಪ್ರಯಾಣ ಒಂದಿಷ್ಟು ಕಡಿಮೆಯಾಗುತ್ತಿತ್ತು, ಚಾಮರಾಜನಗರದವನಿಗೆ ಅಷ್ಟೇ ಹೆಚ್ಚುತ್ತಿತ್ತು. ಅಗಲವಾದ ರಾಜ್ಯಕ್ಕೆ ಎಲ್ಲರಿಗೂ ಹತ್ತಿರವಾದ ಊರು ಎಂಬುದೊಂದು ಇರುವುದೇ ಇಲ್ಲ.

ಊರನ್ನಲ್ಲ, ಕೆಲಸವನ್ನು ಸಾಗಿಸಿ

ಹಾಗಾದರೆ ಉಳಿದ ದಾರಿ ಯಾವುದು? ರಾಜಧಾನಿಯನ್ನು ಸಾಗಿಸುವುದಕ್ಕಿಂತ, ರಾಜಧಾನಿಯಲ್ಲಿ ಮಾತ್ರ ಆಗುವ ಕೆಲಸಗಳ ಪಟ್ಟಿಯನ್ನು ಚಿಕ್ಕದು ಮಾಡುವುದು. ಇದು ಹೊಸ ಯೋಚನೆಯೇನಲ್ಲ. ರಾಜಸ್ಥಾನದ ರಾಜಧಾನಿ ಜೈಪುರವಾದರೆ ಹೈಕೋರ್ಟಿನ ಕೇಂದ್ರ ಜೋಧಪುರ. ಮಧ್ಯಪ್ರದೇಶಕ್ಕೆ ಭೋಪಾಲ ಮತ್ತು ಜಬಲಪುರ, ಉತ್ತರಪ್ರದೇಶಕ್ಕೆ ಲಖನೌ ಮತ್ತು ಪ್ರಯಾಗರಾಜ್, ಕೇರಳಕ್ಕೆ ತಿರುವನಂತಪುರ ಮತ್ತು ಕೊಚ್ಚಿ, ಛತ್ತೀಸಗಢಕ್ಕೆ ರಾಯಪುರ ಮತ್ತು ಬಿಲಾಸಪುರ. ರಾಜ್ಯ ಕಟ್ಟುವಾಗಲೇ ಹಲವರು ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡಲಿಲ್ಲ.

ಕರ್ನಾಟಕದಲ್ಲೂ ಅಂಥ ಹೆಜ್ಜೆಗಳು ಬಿದ್ದಿವೆ. ಬಹು ಕಾಲದ ಹೋರಾಟದ ನಂತರ 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಕಾಯಂ ಆದವು. ಅಲ್ಲಿಯವರೆಗೆ ಬೀದರಿನ ರೈತನೊಬ್ಬ ಜಮೀನಿನ ವ್ಯಾಜ್ಯದ ಮೇಲ್ಮನವಿಗೆ ಬೆಂಗಳೂರಿಗೆ ಅಲೆಯಬೇಕಿತ್ತು. ಈಗ ಕಲಬುರಗಿಗೆ ಹೋಗಿ ಅದೇ ದಿನ ಮರಳಬಹುದು. ಸುವರ್ಣಸೌಧದಷ್ಟು ಸದ್ದು ಮಾಡದ ಈ ಬದಲಾವಣೆ ಜನರ ಜೇಬಿಗೆ ತಂದ ಉಳಿತಾಯ ದೊಡ್ಡದು. ನೈರುತ್ಯ ರೈಲ್ವೆ ವಲಯದ ಕೇಂದ್ರ 2003ರಿಂದ ಹುಬ್ಬಳ್ಳಿಯಲ್ಲಿದೆ. ಸಾರಿಗೆ ಸಂಸ್ಥೆ ಒಡೆದು ಹುಬ್ಬಳ್ಳಿ ಮತ್ತು ಕಲಬುರಗಿಗಳಲ್ಲಿ ಬೇರೆ ನಿಗಮಗಳಾದವು.

ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದ ಉದಾಹರಣೆ ವಿಶ್ವವಿದ್ಯಾಲಯಗಳದು. 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಹಂಪಿಗೆ ಬಂತು, 1996ರಲ್ಲಿ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲಿ, 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲಿ, ಮುಂದೆ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿ ತಲೆಯೆತ್ತಿದವು. 1998ರಲ್ಲಿ ಇಡೀ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಸೂರಿನಡಿ ತಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿ. ಕಾಲೇಜುಗಳು ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲಾದರೂ ಕೇಂದ್ರ ಬೆಳಗಾವಿಗೆ ಹೋಯಿತು.

ಈ ಉದಾಹರಣೆಯಲ್ಲೇ ಇನ್ನೊಂದು ಪಾಠವೂ ಇದೆ. ವಿಶ್ವವಿದ್ಯಾಲಯ ಬೆಳಗಾವಿಗೆ ಹೋದಾಗ ದೂರದ ಕಷ್ಟ ಮಾಯವಾಗಲಿಲ್ಲ, ದಿಕ್ಕು ಬದಲಾಯಿಸಿತಷ್ಟೆ. ಅಂಕಪಟ್ಟಿಯ ತಪ್ಪು ತಿದ್ದಿಸಲು ಚಾಮರಾಜನಗರದ ವಿದ್ಯಾರ್ಥಿ ರಾಜ್ಯದ ಇನ್ನೊಂದು ತುದಿಗೆ ಹೋಗಬೇಕಾದ ಸ್ಥಿತಿ ಎದುರಾಯಿತು. ಬೀದರಿನವರು ದಶಕಗಳಿಂದ ಅನುಭವಿಸಿದ್ದು ಇದನ್ನೇ! ವಿಶ್ವವಿದ್ಯಾಲಯ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಪ್ರಾದೇಶಿಕ ಕೇಂದ್ರಗಳನ್ನು ತೆರೆದಿರುವುದಕ್ಕೆ ಈ ಕಾರಣಕ್ಕೇ ಅರ್ಥವಿದೆ. ಕಚೇರಿಯನ್ನು ಹಂಚಿದರೆ ಸಾಲದು. ಅದರ ಅಧಿಕಾರವನ್ನೂ ಶಾಖೆಗೆ ಕೊಡಬೇಕು. ಅರ್ಜಿ ಸ್ವೀಕರಿಸಿ ಕೇಂದ್ರಕ್ಕೆ ಕಳುಹಿಸುವುದಷ್ಟೇ ಶಾಖೆಯ ಕೆಲಸವಾದರೆ ಅದು ಅಂಚೆಪೆಟ್ಟಿಗೆಯೇ ಹೊರತು ಕಚೇರಿಯಲ್ಲ.

ಕಂಪ್ಯೂಟರು, ಮೊಬೈಲುಗಳ ಈ ಕಾಲದಲ್ಲಿ ದೂರದ ಪ್ರಶ್ನೆಯೇ ಉಳಿದಿಲ್ಲ ಎನ್ನುವವರಿದ್ದಾರೆ. ಅರ್ಜಿ ಸಲ್ಲಿಸುವುದು, ಫಲಿತಾಂಶ ನೋಡುವುದು, ಪ್ರಮಾಣಪತ್ರ ಪಡೆಯುವುದು ಮನೆಯಿಂದಲೇ ಆಗುತ್ತದೆ, ನಿಜ. ಅರ್ಜಿ ಸರಾಗವಾಗಿ ಸಾಗುವವರೆಗೆ ಆ ಮಾತು ಸರಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ, ಕಡತ ಎಲ್ಲೋ ಸಿಕ್ಕಿಕೊಂಡರೆ, ಅರ್ಜಿ ಕಾರಣ ತಿಳಿಸದೆ ತಿರಸ್ಕೃತವಾದರೆ, ಆಗ ಮತ್ತೆ ಮನುಷ್ಯರ ಮುಖ ನೋಡಲೇಬೇಕು. ಆ ಮುಖ ಜಿಲ್ಲಾ ಕೇಂದ್ರದಲ್ಲಿ ಇದೆಯೇ, ಬೆಂಗಳೂರಿನಲ್ಲೇ ಇದೆಯೇ ಎಂಬುದರ ಮೇಲೆ ರಾಜ್ಯದ ಉದ್ದಗಲ ನಿಂತಿದೆ.

ಪರೀಕ್ಷೆಗೆ ಬಾರದ ಪ್ರಶ್ನೆ

ರಾಜಧಾನಿ ಸರಿಯಾದ ಊರಿನಲ್ಲಿದೆಯೇ ಎಂಬ ಪ್ರಶ್ನೆಗೆ ಭೂಪಟ ಒಂದು ಉತ್ತರ ಕೊಡುತ್ತದೆ, ಇತಿಹಾಸ ಇನ್ನೊಂದು. ಭೂಪಟದ ಪ್ರಕಾರ ಬೆಂಗಳೂರು, ಚೆನ್ನೈ, ಮುಂಬಯಿ, ತಿರುವನಂತಪುರ ನಾಲ್ಕೂ ತಪ್ಪು. ಇತಿಹಾಸದ ಪ್ರಕಾರ ಅವು ಬೇರೆ ಗತಿಯಿಲ್ಲದೆ ಬಂದ ಉತ್ತರಗಳು. ಎಂ.ಜಿ. ರಾಮಚಂದ್ರನ್ ಮುಖ್ಯಮಂತ್ರಿಯಾಗಿದ್ದಾಗ ತಮಿಳುನಾಡಿನ ನಡುವಿನ ತಿರುಚಿರಾಪಳ್ಳಿಗೆ ರಾಜಧಾನಿ ಸಾಗಿಸುವ ಮಾತು ಎತ್ತಿದ್ದರು. ಅಷ್ಟು ಜನಪ್ರಿಯ ನಾಯಕನ ಕಾಲದಲ್ಲೂ ಅದು ಮಾತಾಗಿಯೇ ಉಳಿಯಿತು. ಒಮ್ಮೆ ಬೇರುಬಿಟ್ಟ ರಾಜಧಾನಿಯನ್ನು ಕಿತ್ತು ನೆಡುವುದು ಅಷ್ಟು ಕಷ್ಟ. ಹಟ ಹಿಡಿದು ಕಿತ್ತರೆ ಆಗುವ ನೋವು ಯಾರಿಗೆ ಎಂಬುದನ್ನು ಅಮರಾವತಿಯ ಹೊಲಗಳು ಹೇಳುತ್ತವೆ.

ಆದ್ದರಿಂದ ವಿದ್ಯಾರ್ಥಿಗಳು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಂಡರೆ ಒಳ್ಳೆಯದು. ಮನೆಯ ಹಿರಿಯರನ್ನು ಕೂರಿಸಿಕೊಂಡು, ಕಳೆದ ಐದು ವರ್ಷಗಳಲ್ಲಿ ಮನೆಯವರು ಸರ್ಕಾರಿ ಕೆಲಸಕ್ಕೆಂದು ಬೆಂಗಳೂರಿಗೆ ಎಷ್ಟು ಸಲ ಹೋದರು, ಯಾವ ಕೆಲಸಕ್ಕೆ ಹೋದರು, ಬಸ್ಸು–ರೈಲು–ಊಟ–ವಸತಿಗೆ ಎಷ್ಟು ಖರ್ಚಾಯಿತು, ಎಷ್ಟು ದಿನದ ದುಡಿಮೆ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆಯಲಿ. ಪ್ರತಿಯೊಂದರ ಮುಂದೆ, ಆ ಕೆಲಸ ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಆಗಬಹುದಿತ್ತೇ ಎಂದೂ ಬರೆಯಲಿ. ಕೋಲಾರದ ಹುಡುಗಿಯ ಹಾಳೆಯನ್ನೂ ಬೀದರಿನ ಹುಡುಗನ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, 'ಹೊಂದಿಸಿ ಬರೆಯಿರಿ' ಪ್ರಶ್ನೆ ಹೇಳದ ಕರ್ನಾಟಕ ಅಲ್ಲಿ ಕಾಣುತ್ತದೆ. ಆ ಎರಡು ಹಾಳೆಗಳ ನಡುವಿನ ಅಂತರ ಎಷ್ಟು ಕಡಿಮೆಯಾಗುತ್ತದೋ, ರಾಜಧಾನಿ ಅಷ್ಟು ಸರಿಯಾದ ಊರಿನಲ್ಲಿದೆ ಎಂದು ತಿಳಿಯಬಹುದು.